ಫ್ರಿಜ್ಜಿನ ಅಕ್ಷರ ಓದುವ ಪಂಚಾಕ್ಷರಪ್ಪನವರು

ಸುಮಲತಾ ಪಂಚಾಕ್ಷರಪ್ಪನವರನ್ನು ಮೊದಲ ಸಲ ಕಂಡದ್ದು ಉಚ್ಚಂಗಿದುರ್ಗದ ತನ್ನ ತವರುಮನೆಯಲ್ಲಿ, ಹಡಗಲಿಯವರು ಹೆಣ್ಣು ನೋಡಲು ಬಂದ ದಿನ. ಹುಡುಗ ಅರುಣಕುಮಾರ್ ತಲೆ ತಗ್ಗಿಸಿಕೊಂಡು ಕುಳಿತಿದ್ದ. ಅವರ ಮನೆಯದು ಹೂವಿನ ವ್ಯಾಪಾರವಾದುದರಿಂದ ಅವನ ತಾಯಿ ಒಂದು ಹಿಡಿ ಮಲ್ಲಿಗೆ ಮೊಗ್ಗು, ಒಂದಿಷ್ಟು ಬಾಳೆನಾರು ಕೊಟ್ಟು ಹುಡುಗಿಯ ಕೈ ಓಡುವುದನ್ನು ನೋಡುತ್ತಿದ್ದರು. ಹುಡುಗನ ಸೋದರಮಾವ ಮಾತ್ರ ಹುಡುಗಿಯ ಕಡೆಗೆ ಕಣ್ಣೆತ್ತಲಿಲ್ಲ. ಬಿಳಿಯ ಅಂಗಿಯ ಜೇಬಿನಲ್ಲಿ ಟೆಸ್ಟರ್ ಸಿಕ್ಕಿಸಿಕೊಂಡಿದ್ದ ಆ ಮನುಷ್ಯ ಗೋಡೆಯ ಮೇಲಿನ ಸ್ಟೆಬಿಲೈಜರಿನ ಮುಂದೆ ನಿಂತು, ನಾಡಿ ಹಿಡಿದ ವೈದ್ಯನಂತೆ ಕಣ್ಣು ಮುಚ್ಚಿದ್ದರು.

"ಇದು ಭಾಳ ದಿನ ಬಾಳಂಗಿಲ್ಲ ಬಿಡ್ರಿ," ಎಂದರು ಕಣ್ಣು ತೆರೆದು. "ಒಳಗ ಕಾಯಿಲ್ ಸುಟ್ಟೈತಿ. ಸುಟ್ಟಿದ್ದು ನಿಮಗ ಕಾಣಂಗಿಲ್ಲ. ನನಗ ಕಾಣತೈತಿ."

ಸುಮಲತಾಳ ತಂದೆ ಹೆದರಿ, ಬೀಗರು ಹೊರಡುವವರೆಗೆ ಟಿವಿ ಹಚ್ಚಲಿಲ್ಲ. ಆ ಸ್ಟೆಬಿಲೈಜರು ಸುಮಲತಾಳ ಎರಡು ಮಕ್ಕಳು ಶಾಲೆಗೆ ಹೋಗುವಷ್ಟು ದೊಡ್ಡವರಾದ ಮೇಲೂ ಅದೇ ಗೋಡೆಯ ಮೇಲೆ ನಡೆಯುತ್ತಿದೆ. ಹುಡುಗ ಒಳ್ಳೆಯವನು, ಮನೆತನ ಒಳ್ಳೆಯದು ಎಂದು ಎಲ್ಲರೂ ಹೇಳಿದರು. ಆ ಸೋದರಮಾವನೂ ಜೊತೆಗೆ ಬರುತ್ತಾರೆ ಎಂಬುದನ್ನು ಯಾರೂ ಹೇಳಲಿಲ್ಲ.

ಪಂಚಾಕ್ಷರಪ್ಪನವರ ಮನೆ ಹಡಗಲಿಯಲ್ಲಿ ಅರುಣಕುಮಾರನ ಬೀದಿಯಲ್ಲೇ, ಅವನ ಮನೆಗೆ ಎದುರಿನಲ್ಲಿತ್ತು. ಹರೆಯದಲ್ಲಿ ಸೈಕಲ್ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದರಂತೆ. ಸೈಕಲ್ಲುಗಳು ಮೂಲೆ ಸೇರಿದಾಗ ರೇಡಿಯೋ ರಿಪೇರಿ ಎಂದರು, ಆಮೇಲೆ ಟಿವಿಯ ಡಿಶ್ ಎಂದರು, ಆಮೇಲೆ ಏನನ್ನೂ ಅನ್ನದೆ ಟೆಸ್ಟರ್ ಮಾತ್ರ ಉಳಿಸಿಕೊಂಡರು. ಅವರು ಯಾವ ಕೆಲಸವನ್ನೂ ಕಲಿತವರಲ್ಲ. ಕೆಲಸ ಬಲ್ಲವರು ಆಡುವ ಮಾತನ್ನು ಕಲಿತಿದ್ದರು. ಅವರು ಬಿಚ್ಚಿದ ರೇಡಿಯೋಗಳು ಬೀದಿಯ ಅನೇಕ ಮನೆಗಳ ಅಟ್ಟದ ಮೇಲೆ ಇಂದಿಗೂ ಬಿಚ್ಚಿದ ಹಾಗೆಯೇ ಇವೆ. ಆದರೂ ಯಾರ ಮನೆಗೆ ಯಾವ ಯಂತ್ರ ಬಂದರೂ ಅವರನ್ನು ಕರೆಯುತ್ತಿದ್ದರು. ಕರೆಯದಿದ್ದರೆ ತಾವೇ ಬರುತ್ತಿದ್ದರು. ಬಂದರೆ ಚಹ ಕುಡಿಯದೆ ಹೋಗುತ್ತಿರಲಿಲ್ಲ.

ಸುಮಲತಾ ಕೈ ಹಾಕಿದ ಮೇಲೆ ಆ ಮನೆಯ ಹೂವಿನ ವ್ಯಾಪಾರ ಬೆಳೆಯಿತು. ಅತ್ತೆಯ ಕಾಲದಲ್ಲಿ ಸಂಜೆ ಬಸ್ ನಿಲ್ದಾಣದಲ್ಲಿ ಮೊಳ ಲೆಕ್ಕದಲ್ಲಿ ಮಾರುತ್ತಿದ್ದ ಹೂವು, ಈಗ ಮದುವೆ ಮನೆಗಳಿಗೆ ಬುಟ್ಟಿಗಟ್ಟಲೆ ಹೋಗತೊಡಗಿತು. ನಸುಕಿನಲ್ಲಿ ಮಾಗಳದ ಕಡೆಯ ತೋಟಗಳಿಂದ ಅರುಣಕುಮಾರ್ ಮೊಗ್ಗು ತರುತ್ತಿದ್ದ. ಸುಮಲತಾ, ಪಕ್ಕದ ಮನೆಯ ಹಂಪಕ್ಕ ಕುಳಿತು ಕಟ್ಟುತ್ತಿದ್ದರು. ಮಲ್ಲಿಗೆ ಮೊಗ್ಗಿಗೆ ಒಂದೇ ಹಟ. ಸಂಜೆಯಾಯಿತೆಂದರೆ, ಸೆಕೆ ತಗುಲಿತೆಂದರೆ, ಅದು ಅರಳಿಯೇ ತೀರುತ್ತದೆ. ಅರಳಿದ್ದು ಮರುದಿನಕ್ಕೆ ಕಂದು. ತಣ್ಣಗೆ ಇಟ್ಟರೆ ಮಾತ್ರ ಎರಡು ಮೂರು ದಿನ ಮೊಗ್ಗಾಗಿಯೇ ಉಳಿಯುತ್ತದೆ. ಅದಕ್ಕಾಗಿಯೇ ಅವರು ಹರಪನಹಳ್ಳಿಯ ಅಂಗಡಿಯೊಂದರಿಂದ ಎರಡು ಬಾಗಿಲಿನ ದೊಡ್ಡ ಫ್ರಿಜ್ಜು ತಂದರು. ಬಾಗಿಲಿನ ಹೊರಮೈಯಲ್ಲಿ ಕಪ್ಪು ಗಾಜಿನ ಪಟ್ಟಿ, ಅದರಲ್ಲಿ ಬೆಳಗುವ ಅಂಕಿ ಅಕ್ಷರ, ಬೆರಳು ತಾಗಿಸಿದರೆ ಸಾಕು ಎನ್ನುವಂಥ ಗುಂಡಿಗಳು.

ಆ ಗಾಜಿನ ಪಟ್ಟಿಯನ್ನು ಕಂಡ ದಿನ ಪಂಚಾಕ್ಷರಪ್ಪನವರ ಮುಖದಲ್ಲಿ ಮೂಡಿದ ಕಳೆಯನ್ನು ಸುಮಲತಾ ಮರೆತಿಲ್ಲ. ಬಿಚ್ಚುವ ಕಷ್ಟವಿಲ್ಲದೆ ಬರೀ ಓದಿ ಹೇಳಬಹುದಾದ ಯಂತ್ರವೊಂದು ಕೊನೆಗೂ ಅವರಿಗೆ ಸಿಕ್ಕಿತ್ತು.

ಪ್ಲಗ್ ಹಾಕಿದೊಡನೆ ಎಲ್ಲ ಗೆರೆಗಳೂ ಒಮ್ಮೆ ಹೊತ್ತಿ ಎಂಬತ್ತೆಂಟು ಎಂದು ಕಾಣಿಸಿ ಮಾಯವಾದವು. "ಕರೆಂಟ್ ನೂರಕ್ಕ ಎಂಬತ್ತೆಂಟು ಬರಾಕತ್ತೈತಿ," ಎಂದರು. ಮಕ್ಕಳು ಒತ್ತದಿರಲೆಂದು ಗುಂಡಿಗಳಿಗೆ ಬೀಗ ಬಿದ್ದಾಗ 'ಎಲ್' ಎಂಬ ಅಕ್ಷರ ಬಂದರೆ, "ಎಲ್ ಅಂದ್ರ ಲೋ ವೋಲ್ಟೇಜ್," ಎಂದು ಹೇಳಿ, ಇಡೀ ಬೇಸಿಗೆ ಆ ಮನೆಯವರು ಫ್ರಿಜ್ಜು ನಡೆಯುವಾಗ ಫ್ಯಾನ್ ಹಾಕದಂತೆ ಮಾಡಿದರು. ಬಾಗಿಲು ಸರಿಯಾಗಿ ಮುಚ್ಚದಿದ್ದಾಗ 'ಡಿ ಆರ್' ಎಂದು ಮಿಣುಕಿ ಕೂಗಿಕೊಂಡಿತು.

"ಡಿ ಆರ್ ಅಂದ್ರ ಡಾಕ್ಟ್ರು," ಎಂದರು ಪಂಚಾಕ್ಷರಪ್ಪನವರು. "ಮೆಕ್ಯಾನಿಕ್‌ನ ಕರೀರಿ ಅಂತ ತಾನಾ ಕೇಳಾಕತ್ತೈತಿ."

"ಮಾವಾರ, ಬಾಗಿಲ ಸಂದ್ಯಾಗ ಬಾಳಿಎಲಿ ಸಿಕ್ಕೈತ್ರಿ," ಎಂದು ಸುಮಲತಾ ಎಲೆ ಎಳೆದು ಬಾಗಿಲು ಒತ್ತಿದಳು. ಕೂಗು ನಿಂತಿತು.

"ನೋಡಿದ್ಯಾ," ಎಂದರು ಅವರು, "ನಾ ಬಂದ್ ನಿಂತ್ರ ಸಾಕು."

ಇಂಥ ಮನುಷ್ಯನ ಮನೆಯಲ್ಲಿ ಫ್ರಿಜ್ಜೇ ಇರಲಿಲ್ಲ. ಮಣ್ಣಿನ ಗಡಿಗೆಯ ನೀರು ಕುಡಿದು ಬೀದಿಯ ಎಲ್ಲ ಫ್ರಿಜ್ಜುಗಳಿಗೂ ಅರ್ಥ ಹೇಳುತ್ತಿದ್ದರು. ಕೇಳುವವರೂ ಇದ್ದರು, ಅದೇ ಆಶ್ಚರ್ಯ. ಅರುಣಕುಮಾರ್ ಅವರಲ್ಲಿ ಮೊದಲಿಗ. "ಮಾವ ಹೇಳ್ಯಾನ ಅಂದ್ಮ್ಯಾಲೆ ಇರ್ಲಿ ಬಿಡು," ಎನ್ನುವುದು ಅವನ ಮಾತು. ಚಿಕ್ಕಂದಿನಲ್ಲಿ ಹೆಗಲ ಮೇಲೆ ಕೂಡಿಸಿಕೊಂಡು ಊರು ಸುತ್ತಿಸಿದ ಮಾವನೆಂಬ ಪ್ರೀತಿ ಅವನಿಗೆ. ಆ ಪ್ರೀತಿಗೆ ಸುಮಲತಾ ಅಡ್ಡ ಬರಲಿಲ್ಲ. ಆದರೆ ಮಾವ ಬಾಗಿಲಿನಲ್ಲಿ ಚಪ್ಪಲಿ ಬಿಡುವ ಸಪ್ಪಳ ಕೇಳಿದರೆ ಅವಳ ಹುಬ್ಬು ತಾನಾಗಿಯೇ ಗಂಟಿಕ್ಕುತ್ತಿತ್ತು.

ಕಳೆದ ವರ್ಷದ ಮಹಾನವಮಿಗೆ ಮುಂಚೆ ಹರಪನಹಳ್ಳಿಯಿಂದ ನಾಗಲಿಂಗಮ್ಮ ಎಂಬುವರು ಬಂದರು. ಮೆಕ್ಕೆಜೋಳದ ವ್ಯಾಪಾರದ ಮನೆಯವರು. ಹೊಸ ಮನೆ ಕಟ್ಟಿಸಿ, ವಿಜಯದಶಮಿಯ ದಿನ ಗೃಹಪ್ರವೇಶ ಇಟ್ಟುಕೊಂಡಿದ್ದರು. ಮಾತಿನಲ್ಲಿ ಬೆಲ್ಲ ಬೆರೆಸುವ ಅಭ್ಯಾಸವಿಲ್ಲದ ಹೆಂಗಸು.

"ಮಲ್ಲಿಗಿನಾ ಬೇಕು. ದೇವ್ರಿಗೂ ಅದಾ, ಬಾಗಿಲಿಗೂ ಅದಾ, ಬಂದ ಹೆಣ್ಮಕ್ಕಳಿಗೂ ಅದಾ. ಕೊಡಾಕ ಆಗತೈತಿ ಅಂದ್ರ ಹೇಳು, ಆಗಲಿಲ್ಲಂದ್ರ ದಾವಣಗೇರಿಗೆ ಹೇಳ್ತೀನಿ," ಎಂದರು. ಹೋಗುವಾಗ ಇನ್ನೊಂದು ಮಾತು ಸೇರಿಸಿದರು: "ಮಾಘದಾಗ ಮಗಳ ಮದುವಿ ಐತಿ. ಇದನ್ನ ನೋಡಿ ಅದನ್ನ ಹೇಳ್ತೀನಿ."

ಸುಮಲತಾ ಒಪ್ಪಿಕೊಂಡಳು. ಮಲ್ಲಿಗೆಯ ಕಾಲ ಮುಗಿಯುತ್ತ ಬಂದಿತ್ತು. ತೋಟಗಳಲ್ಲಿ ದಿನಕ್ಕೆ ಸಿಗುತ್ತಿದ್ದುದು ಬುಟ್ಟಿಯ ತಳ ಮುಚ್ಚುವಷ್ಟು. ಮೂರು ದಿನದ ಮೊಗ್ಗನ್ನು ಕೂಡಿಟ್ಟರೆ ಮಾತ್ರ ಅಷ್ಟು ಹೂವಾಗುತ್ತಿತ್ತು. ಒಮ್ಮೆ ಕೆಟ್ಟರೆ ಮತ್ತೆ ತರಲು ಗಿಡದಲ್ಲಿ ಹೂವಿಲ್ಲ. ಹರಪನಹಳ್ಳಿಯಲ್ಲಿ ಒಂದು ಮನೆಯ ಬಾಯಿಂದ ಒಳ್ಳೆಯ ಮಾತು ಬಂದರೆ ಹತ್ತು ಮನೆಗೆ ದಾರಿಯಾಗುತ್ತದೆ, ಕೆಟ್ಟ ಮಾತು ಬಂದರೆ ಆ ರಸ್ತೆಯೇ ಮುಚ್ಚುತ್ತದೆ ಎಂದು ಅವಳಿಗೆ ಗೊತ್ತಿತ್ತು. ಕಟ್ಟಿದ ದಂಡೆಗಳನ್ನು ಬಾಳೆಎಲೆಯಲ್ಲಿ ಸುತ್ತಿ, ಒದ್ದೆ ಬಟ್ಟೆ ಹೊದಿಸಿ, ಫ್ರಿಜ್ಜಿನ ಹಾಲು ಮೊಸರನ್ನೆಲ್ಲ ಹಂಪಕ್ಕನ ಮನೆಗೆ ಸಾಗಿಸಿ, ಒಳಗೆಲ್ಲ ಹೂವೇ ತುಂಬಿದಳು.

ಆಯುಧಪೂಜೆಯ ದಿನ ಬಂತು. ಆ ದಿನ ಹಡಗಲಿಯಲ್ಲಿ ಪೂಜೆಗೊಳ್ಳದ ಕಬ್ಬಿಣವಿಲ್ಲ. ಈಳಿಗೆಮಣೆ, ಕತ್ತರಿ, ಬೈಕು, ಹೊಲಿಗೆಯಂತ್ರ, ಎಲ್ಲಕ್ಕೂ ವಿಭೂತಿ, ಕುಂಕುಮ, ಹೂವು. ಪೂಜೆಗೊಂಡದ್ದನ್ನು ಮರುದಿನ ಬೆಳಗಾಗುವ ತನಕ ಮುಟ್ಟಬಾರದು, ಅದಕ್ಕೂ ಒಂದು ದಿನದ ವಿಶ್ರಾಂತಿ ಎನ್ನುವುದು ಆ ಮನೆಯ ಪದ್ಧತಿ. ಸುಮಲತಾ ಆ ಬೆಳಿಗ್ಗೆ ತಂದ, ಇನ್ನೂ ತಂಪು ತಾಗದ ಕೊನೆಯ ಮೊಗ್ಗುಗಳನ್ನೂ ಕಟ್ಟಿ ಒಳಗಿಟ್ಟು ಬಾಗಿಲು ಮುಚ್ಚಿದ ಮೇಲೆ ಪೂಜೆ ಶುರುವಾಯಿತು. ಪೂಜೆ ಮಾಡುವವರು ಪಂಚಾಕ್ಷರಪ್ಪನವರು. ಬೇರೆ ಯಾರು?

ಈಳಿಗೆ ಕತ್ತರಿಗಳಿಗೆ ಒಂದೊಂದು ಬೆರಳು ತೀಡಿ ಮುಗಿಸಿದವರು ಫ್ರಿಜ್ಜಿನ ಮುಂದೆ ಬಂದು ಮೈ ಸೆಟೆಸಿದರು. ವಿಭೂತಿಯನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ, ಬಾಗಿಲಿನಲ್ಲಿ ಅಷ್ಟು ಜಾಗವಿದ್ದರೂ, ಆ ಕಪ್ಪು ಗಾಜಿನ ಪಟ್ಟಿಯ ಮೇಲೆಯೇ ಮೂರು ಬೆರಳೂರಿದರು.

"ಅರುಣಾ, ಫೋಟೋ ಹೊಡಿಲೇ," ಎಂದರು.

ಅರುಣಕುಮಾರನ ಫೋನು ಸಿಗಲಿಲ್ಲ. ಸಿಕ್ಕ ಮೇಲೆ ಬೆಳಕು ಸಾಲಲಿಲ್ಲ. ಅಷ್ಟು ಹೊತ್ತೂ ಮಾವ ಬೆರಳು ತೆಗೆಯಲಿಲ್ಲ. ಗಾಜಿಗೆ ಬೆರಳೊತ್ತಿ, ಕ್ಯಾಮೆರಾದ ಕಡೆಗೆ ಮುಖ ತಿರುವಿ, ನಮಃ ಶಿವಾಯ ಎನ್ನುತ್ತ ನಿಂತಿದ್ದರು. ಫ್ರಿಜ್ಜು ಟಿಣ್ ಎಂದಿತು.

"ಕೇಳಿದ್ರ್ಯಾ, ಅದಕ್ಕೂ ಒಪ್ಪಿಗಿ ಆತು," ಎಂದರು. ಮೂರು ಗೆರೆಗಳನ್ನು ಆ ಕಡೆಯಿಂದ ಈ ಕಡೆಗೆ ಎಳೆದರು.

ಗೆರೆಗಳ ಸಂದಿಯಲ್ಲಿ ಎರಡು ಅಕ್ಷರಗಳು ಬೆಳಗುತ್ತಿದ್ದುದನ್ನು ಸುಮಲತಾ ಕಂಡಳು. ಓ, ಎಫ್.

"ಮಾವಾರ, ಇದೇನ್ರಿ? ದಿನಾ ಮೂರು ಅಂತಿರ್ತಿತ್ತು."

ಪಂಚಾಕ್ಷರಪ್ಪನವರು ಬಗ್ಗಿ ನೋಡಿದರು. ಗೊತ್ತಿಲ್ಲ ಎಂಬ ಮಾತು ಅವರ ಬಾಯಲ್ಲಿ ಹುಟ್ಟಿದ್ದನ್ನು ಕೇಳಿದವರಿಲ್ಲ. "ಓ ಅಂದ್ರ ಓಕೆ. ಎಫ್ ಅಂದ್ರ ಫ್ರೀಜರ್. ಫ್ರೀಜರ್ ಓಕೆ ಐತಿ. ಭಾಳ ಒಳ್ಳೆ ಕೋಡು ಇದು, ಎಲ್ಲಾರ ಮನ್ಯಾಗ ಬರಂಗಿಲ್ಲ. ಇನ್ನ ಯಾರೂ ಮುಟ್ಟಬ್ಯಾಡ್ರಿ, ನಾಳಿ ತನಕ."

ಬಾಗಿಲಿನ ಮೇಲೆ ಅಕ್ಷರ ಬೆಳಗುತ್ತಲೇ ಇತ್ತು. ಮನೆತುಂಬ ನೆಂಟರು, ಹೋಳಿಗೆಯ ಕೆಲಸ, ಬೀದಿಯಲ್ಲಿ ಕುಂಬಳಕಾಯಿ ಒಡೆಯುವ ಗಲಾಟೆ. ಫ್ರಿಜ್ಜಿನ ಗುಂಯ್ ಎಂಬ ಸದ್ದು ನಿಂತದ್ದು ಯಾರ ಕಿವಿಗೂ ಬೀಳಲಿಲ್ಲ. ಸುಮಲತಾಳ ಮನಸ್ಸಿನ ಒಂದು ಮೂಲೆ ಮಾತ್ರ ಆ ಅಕ್ಷರಗಳ ಕಡೆಗೆ ಹೋಗಿ ಹೋಗಿ ಬರುತ್ತಿತ್ತು. ಎರಡು ಸಲ ಕೈ ಒರೆಸಿಕೊಂಡು ಹೋದಳು. ಎರಡು ಸಲವೂ ಅತ್ತೆ, "ಪೂಜಿ ಮಾಡೇದವ್ವ, ಇರ್ಲಿ," ಎಂದರು.

ದೀಪ ಹಚ್ಚುವ ಹೊತ್ತಿಗೆ ಬೀದಿಯ ತುದಿಯಲ್ಲಿ ತಂಪು ಪಾನೀಯದ ಅಂಗಡಿ ಇಟ್ಟಿದ್ದ ಅಜ್ಜಯ್ಯ ಬಂದ. ಅವನನ್ನು ಕಂಡದ್ದೇ ಪಂಚಾಕ್ಷರಪ್ಪನವರಿಗೆ ಒಳ್ಳೆಯ ಕೋಡು ನೆನಪಾಯಿತು. ಯಾರೂ ಮುಟ್ಟಬಾರದೆಂದು ಬೆಳಿಗ್ಗೆ ಅಪ್ಪಣೆ ಕೊಡಿಸಿದ್ದವರು ತಾವೇ ಎಂಬುದು ನೆನಪಾಗಲಿಲ್ಲ. ಅವನನ್ನು ಕರೆತಂದು, ಬಾಗಿಲನ್ನು ಅಗಲಕ್ಕೆ ತೆರೆದು, ಒಳಗೆ ಕೈ ಚಾಚಿದರು.

"ನೋಡು, ಹೆಂಗ ತಣ್ಣಗೈತಿ. ಹಿಮ ಇದ್ದಂಗೈತಿ."

"ತಂಪು ನನಗಷ್ಟು ತಿಳೀವಲ್ದು," ಎಂದ ಅಜ್ಜಯ್ಯ, "ಆದ್ರ ಏನ್ ಘಮಲು ಮಾರಾಯ. ಮೂಗು ತುಂಬತು."

"ಅದಾ ಅಲ್ಲೇನು ಕೋಡಿನ ಗುಣ," ಎಂದರು ಪಂಚಾಕ್ಷರಪ್ಪನವರು.

ಆ ಘಮಲು ಅಡಿಗೆಮನೆಗೆ ಬಂತು. ಸುಮಲತಾ ಬೇಯಿಸುತ್ತಿದ್ದ ಹೋಳಿಗೆ ಹಂಚಿನ ಮೇಲೆಯೇ ಉಳಿಯಿತು. ತಣ್ಣಗಿರುವ ಮೊಗ್ಗಿಗೆ ವಾಸನೆಯಿಲ್ಲ. ಮೂರು ದಿನ ಆ ಬಾಗಿಲು ತೆರೆದಾಗಲೆಲ್ಲ ಹಸಿ ಎಲೆಯ ವಾಸನೆ ಬಂದಿತ್ತೇ ಹೊರತು ಹೂವಿನದಲ್ಲ. ಮಲ್ಲಿಗೆ ಘಮಘಮಿಸುವುದು ಒಂದೇ ಗಳಿಗೆಯಲ್ಲಿ, ಅರಳುವಾಗ. ಹುಟ್ಟಿದ ಮನೆಯಲ್ಲಿ, ಕೊಟ್ಟ ಮನೆಯಲ್ಲಿ ಆ ಪರಿಮಳಕ್ಕಾಗಿ ಕಾದು ಕುಳಿತ ಸಂಜೆಗಳು ಎಷ್ಟೋ. ಇವತ್ತು ಅದು ಎದೆಗೆ ಗುದ್ದಿದಂತೆ ಬಂತು.

ಓಡಿ ಬಂದು ಮಾವನ ಕೈ ಸರಿಸಿ ಎಲೆ ಬಿಚ್ಚಿದಳು. ಮೇಲಿನ ದಂಡೆಗಳಲ್ಲಿ ಮೊಗ್ಗುಗಳು ಬಾಯಿ ಬಿಚ್ಚುತ್ತಿದ್ದವು. ಒಳಗೆಲ್ಲ ಉಗುರುಬೆಚ್ಚಗೆ.

"ರೀ, ಅಂಗಡಿಗೆ ಫೋನ್ ಹಚ್ಚಿರಿ," ಎಂದಳು ಗಂಡನಿಗೆ. ಸೀರೆಯ ಸೆರಗನ್ನು ನೀರಿನಲ್ಲಿ ಅದ್ದಿ ಗಾಜಿನ ಮೇಲಿನ ವಿಭೂತಿಯನ್ನು ಒರೆಸತೊಡಗಿದಳು.

"ಏ ಸುಮವ್ವ, ಪೂಜಿ ಒರಸ್ತೀಯಾ? ಮನಿಗೆ ಒಳ್ಳೇದಲ್ಲ."

"ಹೂವು ಅರಳಾಕತ್ತಾವ್ರಿ ಮಾವಾರ."

"ಫ್ರೀಜರ್ ಓಕೆ ಅಂತ ಬಂದೈತೆಲ್ಲ, ಅಕ್ಷರ ಬರೂದಿಲ್ಲೇನು ನಿನಗ?"

ಅವಳು ಒರೆಸುತ್ತಲೇ ಇದ್ದಳು. ಅರುಣಕುಮಾರ್ ಮಾವನ ಮುಖ, ಹೆಂಡತಿಯ ಬೆನ್ನು ನೋಡುತ್ತ ಒಂದು ಕ್ಷಣ ನಿಂತ. ಆಮೇಲೆ ಫೋನ್ ಹಚ್ಚಿ ಅವಳ ಕೈಗೆ ಕೊಟ್ಟ. ಹಬ್ಬದ ಗಿರಾಕಿಗಳ ಗದ್ದಲದ ನಡುವೆ, ಅಂಗಡಿಯಲ್ಲಿ ಕೆಲಸಕ್ಕಿದ್ದ ರೋಜಾ ಎಂಬ ಹುಡುಗಿ ಮಾತಾಡಿದಳು.

"ಅಕ್ಕಾರ, ಅದು ಅಂಗಡ್ಯಾಗ ತೋರ್ಸಾಕ ಇಡೂ ಸೆಟ್ಟಿಂಗ್ ರಿ. ದೀಪ ಹತ್ತತಾವ, ಕೂಲಿಂಗ್ ಆಗಂಗಿಲ್ಲ. ನಡುವಿನ ಎರಡು ಗುಂಡಿ ಒಮ್ಮಿಗೆ ಭಾಳ ಹೊತ್ತು ಒತ್ತಿದ್ರ ಹಂಗಾಗತೈತಿ. ಅದನ್ನ ತಗಿಯಾಕ ಈ ಕಡಿ ತುದೀದು, ಆ ಕಡಿ ತುದೀದು ಹಂಗಾ ಒತ್ತಿ ಹಿಡೀರಿ, ಸದ್ದು ಬರೂ ತನಕ. ನಮ್ಮಲ್ಲಿ ಸಾಲಾಗಿ ನಿಂತಿದ್ವಲ್ರಿ, ಎಲ್ಲಾದ್ರಾಗೂ ಅದಾ ಅಕ್ಷರ ಇರ್ತಾವ."

ಸುಮಲತಾಳಿಗೆ ಆ ಅಂಗಡಿ ನೆನಪಾಯಿತು. ಫ್ರಿಜ್ಜು ಕೊಳ್ಳಲು ಹೋದ ದಿನ ಜೊತೆಗೆ ಬಂದಿದ್ದ ಮಾವ ಪ್ರತಿಯೊಂದು ಫ್ರಿಜ್ಜಿನಲ್ಲೂ ಕೈ ಹಾಕಿ, "ಇದು ಕಡಿಮಿ ತಂಪು, ಇದು ಜಾಸ್ತಿ ತಂಪು," ಎಂದು ವಿಂಗಡಿಸಿ, ಕೊನೆಗೆ ಇದರಲ್ಲಿ ಕೈಯಿಟ್ಟು, ಬೆರಳು ಮರಗಟ್ಟಿದವೆಂದು ಉಜ್ಜಿಕೊಂಡಿದ್ದರು. ಒಂದೂ ತಂಪಾಗದ ಸಾಲಿನಲ್ಲಿ. ನಗು ಬರಬೇಕಾಗಿತ್ತು, ಬರಲಿಲ್ಲ. ತುದಿಯ ಗುಂಡಿಗಳನ್ನು ಒತ್ತಿ ಹಿಡಿದಳು. ಟಿಣ್ ಎಂದಿತು. ಅಕ್ಷರ ಹೋಗಿ ಅಂಕಿ ಬಂತು, ಹಿಂದೆಲ್ಲೋ ಯಂತ್ರ ಗುಂಯ್‌ಗುಟ್ಟಿತು.

ಅದು ತಣ್ಣಗಾಗುವ ತನಕ ಮೊಗ್ಗು ಕಾಯುವುದಿಲ್ಲ. ಹಂಪಕ್ಕ ತನ್ನ ಮನೆಯ ಐಸನ್ನೆಲ್ಲ ಸುರಿದು ತಂದಳು. ಅಜ್ಜಯ್ಯ ಓಡಿ ಹೋಗಿ ಅಂಗಡಿಯ ಐಸ್ ತಂದ. ಬಾಯಿ ಬಿಚ್ಚಿದ ದಂಡೆಗಳನ್ನು ಎತ್ತಿಟ್ಟು, ತಳದಲ್ಲಿದ್ದ ಗಟ್ಟಿ ಮೊಗ್ಗಿನವನ್ನು ಐಸಿನ ಮೇಲೆ, ಬಾಳೆಎಲೆಯ ನಡುವೆ ಪದರ ಪದರವಾಗಿ ಹಾಸಿದರು. ಅರ್ಧಕ್ಕಿಂತ ಹೆಚ್ಚು ಉಳಿಯಿತು. ಬಾಗಿಲಿನ ತೋರಣದಷ್ಟು ಹೋಯಿತು. ಆ ಗಡಿಬಿಡಿಯಲ್ಲಿ ಪಂಚಾಕ್ಷರಪ್ಪನವರು ಏನು ಮಾಡುತ್ತಿದ್ದರೆಂದರೆ, ಪಡಸಾಲೆಯಲ್ಲಿ ಕುಳಿತು ಹೋಳಿಗೆಗೆ ತುಪ್ಪ ಕೇಳುತ್ತಿದ್ದರು.

ಮರುದಿನ ನಸುಕಿನಲ್ಲಿ ಅರುಣಕುಮಾರ್ ಮಾಗಳಕ್ಕೆ ಹೋಗಿ, ತೋರಣಕ್ಕೆಂದು ಮಲ್ಲಿಗೆಯನ್ನೇ ಹೋಲುವ, ಆದರೆ ಅಷ್ಟು ಪರಿಮಳವಿಲ್ಲದ ಕಾಕಡ ಹೂವು ತಂದ. ಬಾಡಿಗೆ ಗಾಡಿಯಲ್ಲಿ ಬುಟ್ಟಿಗಳನ್ನಿಟ್ಟುಕೊಂಡು ಹೊರಟರೆ ಮುಂದಿನ ಸೀಟಿನಲ್ಲಿ ಮಾವ ಆಗಲೇ ಕುಳಿತಿದ್ದರು, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಟೆಸ್ಟರ್. ಗೃಹಪ್ರವೇಶದ ಊಟಕ್ಕೆ ಅವರನ್ನು ಯಾರೂ ಕರೆದಿರಲಿಲ್ಲ.

ಹರಪನಹಳ್ಳಿಯ ಹೊಸ ಮನೆಯಲ್ಲಿ ನಾಗಲಿಂಗಮ್ಮ ಬುಟ್ಟಿ ತೆರೆದವರೇ ಕಾಕಡವನ್ನು ಎತ್ತಿ ಹಿಡಿದರು. "ಇದೇನು? ನಾ ಮಲ್ಲಿಗಿ ಅಂದಿದ್ದೆ."

ಸುಮಲತಾ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಮಾತು ಬಂತು. "ಅದು ಏನಾತಂದ್ರವ್ವ, ನಮ್ಮ ಹುಡುಗಿಗೆ ಫ್ರಿಜ್ಜಿನ ಕೋಡ್ ಓದಾಕ ಬರಂಗಿಲ್ಲ. ನಾ ಸಮಯಕ್ಕ ಬಾಗಿಲಾ ತಗದು ನೋಡಿದ್ನಿ, ಹಂಗಾಗಿ ಇಷ್ಟರ ಉಳದ್ವು."

ಗಾಡಿಯವನು, ಭಟ್ಟರು, ನೆಂಟರ ಹೆಂಗಸರು ಎಲ್ಲರೂ ಅಲ್ಲಿದ್ದರು. ಅರುಣಕುಮಾರ್ ನೆಲ ನೋಡಿದ. ಅದುವರೆಗೆ ಸುಮಲತಾಳಿಗೆ ಆ ಮನುಷ್ಯನ ಮೇಲೆ ಇದ್ದುದು ಬೇಸರ, ಸಿಟ್ಟು. ಆ ಗಳಿಗೆಯಲ್ಲಿ ಸಿಟ್ಟೂ ಹೋಯಿತು. ಚಪ್ಪಲಿಗೆ ಮೆತ್ತಿಕೊಂಡದ್ದನ್ನು ನೋಡುವಂತೆ ಅವರನ್ನೊಮ್ಮೆ ನೋಡಿ, ನಾಗಲಿಂಗಮ್ಮನ ಕಡೆಗೆ ತಿರುಗಿದಳು.

"ಅವ್ವಾರ, ಫ್ರಿಜ್ ಬಂದಾಗಿ ಮಲ್ಲಿಗಿ ಒಂದಿಷ್ಟು ಅರಳಿದ್ವು. ಅರಳಿದ್ದು ನಿಮಗ ಕೊಡಲಿಲ್ಲ. ದೇವ್ರಿಗೆ, ಮುಡಿಯಾಕ ಮಲ್ಲಿಗಿನಾ ಐತಿ. ಬಾಗಿಲಿಗೆ ಕಾಕಡ ಕಟ್ಟೇನಿ. ಅದಕ್ಕೆ ಎಷ್ಟು ಕಡಿಮಿ ಕೊಡ್ತೀರಿ ಕೊಡ್ರಿ."

ನಾಗಲಿಂಗಮ್ಮ ದಂಡೆಯೊಂದನ್ನು ಎತ್ತಿ, ಮೊಗ್ಗನ್ನು ಉಗುರಿನಿಂದ ಒತ್ತಿ ನೋಡಿದರು. ಗಟ್ಟಿಯಿತ್ತು. "ಕೋಡು ಓದಾವ್ರು ಮನ್ಯಾಗ ಇದ್ದು ಹೂವು ಹೆಂಗ ಅರಳಿದ್ವು?" ಎಂದು ಪಂಚಾಕ್ಷರಪ್ಪನವರನ್ನು ಕೇಳಿದರು. ಅವರು ಕರೆಂಟಿನ ವಿಷಯ ಎತ್ತಿದರು. ನಾಗಲಿಂಗಮ್ಮ ಕೇಳುತ್ತ ನಿಲ್ಲಲಿಲ್ಲ. ದಂಡೆ ಮುಡಿದುಕೊಂಡು ಒಳಗೆ ನಡೆದರು. ಸಂಜೆ ಹೊರಡುವಾಗ ಸುಮಲತಾಳನ್ನು ಪಕ್ಕಕ್ಕೆ ಕರೆದು, "ಮಾಘಕ್ಕ ಹೂವು ನಿಂದಾ. ಆದ್ರ ಆ ಹಿರೇರು ಬರೂದು ಬ್ಯಾಡ. ನಮ್ಮ ಹೊಸ ಮನಿ ಮೀಟರಿನ್ಯಾಗ ಏನೋ ದೋಷ ಐತಂತ ನೆಂಟ್ರ ಮುಂದೆಲ್ಲಾ ಹೇಳ್ಯಾರ," ಎಂದರು.

ಮಾಘದ ಮದುವೆ ಚೆನ್ನಾಗಿ ನಡೆಯಿತು. ಮಲ್ಲಿಗೆಯಿಲ್ಲದ ಆ ಕಾಲದಲ್ಲಿ ಕಾಕಡವನ್ನೇ ಅವರು ಒಪ್ಪಿಕೊಂಡರು. ಈಗ ಹರಪನಹಳ್ಳಿಯ ಕಡೆಯಿಂದ ಸುಮಲತಾಳಿಗೆ ಕೆಲಸ ಬಿಡುವಿಲ್ಲದಷ್ಟು ಬರುತ್ತಿದೆ. ಫ್ರಿಜ್ಜು ಪಡಸಾಲೆಯಿಂದ ಒಳಕೋಣೆಗೆ ಹೋಗಿದೆ. ಆ ಕೋಣೆಯ ಬಾಗಿಲಿಗೆ ಚಿಲಕ ಹಾಕಿಸಿದವನು ಅರುಣಕುಮಾರನೇ.

ಪಂಚಾಕ್ಷರಪ್ಪನವರು ಈಗ ಕೂಡ್ಲಿಗಿಯಲ್ಲಿ ಮಗಳು ಅಮೃತಾಳ ಮನೆಯಲ್ಲಿದ್ದಾರೆ. ಹೂವಿನ ಕಥೆ ಅಲ್ಲಿಗೂ ಹೋಗಿದೆ. ಆ ಕಥೆಯಲ್ಲಿ ಹೂವನ್ನು ಉಳಿಸಿದವರು ಅವರೇ. ಅಳಿಯ ಹೊಸದಾಗಿ ಬಟ್ಟೆ ಒಗೆಯುವ ಯಂತ್ರ ತಂದಿದ್ದಾನೆ. ಅದರಲ್ಲಿ ಇನ್ನೆಷ್ಟು ನಿಮಿಷ ಉಳಿದಿದೆಯೆಂದು ಅಂಕಿಗಳು ಒಂದೊಂದಾಗಿ ಇಳಿಯುತ್ತ ಬರುತ್ತವಂತೆ. ದಿನವೂ ಬೆಳಿಗ್ಗೆ ತಿಂಡಿಯಾದ ಮೇಲೆ ಅದರ ಮುಂದೆ ಕುರ್ಚಿ ಹಾಕಿಕೊಂಡು ಕುಳಿತು, ಪ್ರತಿಯೊಂದು ಅಂಕಿಯನ್ನೂ ಅಡಿಗೆಮನೆಯಲ್ಲಿರುವ ಮಗಳಿಗೆ ಕೇಳುವಂತೆ ಗಟ್ಟಿಯಾಗಿ ಕೂಗಿ ಹೇಳುತ್ತಾರೆ. ಸೊನ್ನೆಗೆ ಬಂದು ಯಂತ್ರ ನಿಂತರೆ, ದೊಡ್ಡ ಕೆಲಸ ಮುಗಿಸಿದವರಂತೆ ಟವೆಲ್ಲಿನಿಂದ ಹಣೆ ಒರೆಸಿಕೊಂಡು ಚಹ ಕೇಳುತ್ತಾರೆ.